ಪ್ಯಾಟಗೋನಿಯಾ ಪ್ಯಾಕೇಜ್: ದುಡ್ಡು ಎಲ್ಲಿ ವಸೂಲಾಯ್ತು, ಎಲ್ಲಿ ದಂಡವಾಯ್ತು

ಮಾರ್ಚ್ ಕೊನೆಗೆ ನಾನು, ನಮ್ಮವರು ಇಬ್ಬರೂ ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಪ್ಯಾಟಗೋನಿಯಾಗೆ ಹೋಗಿ ಬಂದೆವು. ಹನ್ನೊಂದು ರಾತ್ರಿ, ಮೂರು ಪುಟ್ಟ ಊರು, ಎರಡು ದೇಶ. ನನಗೆ 49, ಅವರಿಗೆ 53. ವಯಸ್ಸು ಯಾಕೆ ಹೇಳುತ್ತಿದ್ದೇನೆ ಅಂದರೆ ಅದೇ ಮುಂದೆ ದೊಡ್ಡ ತಕರಾರಾಯಿತು. ಒಂದು ಏಜೆನ್ಸಿಯಿಂದ "ದಂಪತಿಗಳಿಗೆ ಹೈಕಿಂಗ್ ಮತ್ತು ಹಿಮನದಿ" ಅನ್ನುವ ಪ್ಯಾಕೇಜ್ ತೆಗೆದುಕೊಂಡಿದ್ದೆವು. ಏಜೆನ್ಸಿಯ ಹೆಸರು ಬರೆಯುವುದಿಲ್ಲ, ಜಗಳ ಇನ್ನೂ ಮುಗಿದಿಲ್ಲ. ಜಾಗಕ್ಕೆ ಐದಕ್ಕೆ ಐದು ಸ್ಟಾರ್, ಎರಡನೇ ಮಾತೇ ಇಲ್ಲ. ಪ್ಯಾಕೇಜ್‌ಗೆ ಎರಡೂವರೆ. ಅದರಲ್ಲಿ ಅರ್ಧ ಸ್ಟಾರ್ ಬಸ್ ಡ್ರೈವರ್‌ಗೆ ಸೇರಬೇಕು.

ಪ್ಯಾಕೇಜ್‌ನಲ್ಲಿ ಇದ್ದದ್ದು ಇಷ್ಟು: ಅರ್ಜೆಂಟೀನಾದ ಎಲ್ ಕಲಫಾತೆಯಲ್ಲಿ ಮೂರು ರಾತ್ರಿ, ಎಲ್ ಚಾಲ್ತೆನ್‌ನಲ್ಲಿ ನಾಲ್ಕು, ವಾಪಸ್ ಬರುವಾಗ ಕಲಫಾತೆಯಲ್ಲಿ ಇನ್ನೊಂದು, ಆಮೇಲೆ ಗಡಿ ದಾಟಿ ಚಿಲಿಯ ಪುಯೆರ್ತೊ ನತಾಲೆಸ್‌ನಲ್ಲಿ ಮೂರು. ರೂಮು, ತಿಂಡಿ, ಊರಿಂದ ಊರಿಗೆ ಬಸ್ಸು, ಹಿಮನದಿ ಮೇಲೆ ನಡಿಗೆ, ಟೊರೆಸ್ ದೆಲ್ ಪೈನೆ ಪಾರ್ಕಿನಲ್ಲಿ ಒಂದು ದಿನ. ಚಾಲ್ತೆನ್‌ನ ನಾಲ್ಕು ದಿನಕ್ಕೆ ಮಾತ್ರ "ಸ್ವಂತ ಸಮಯ" ಅಂತ ಬರೆದಿತ್ತು. ಅದನ್ನು ಓದಿ ನಾನು ಇದೇನು, ನಾಲ್ಕು ದಿನ ಏನೂ ಕೊಡದೆ ದುಡ್ಡು ಕೇಳುತ್ತಾರಲ್ಲ ಅಂತ ಬೈದಿದ್ದೆ. ಹೋಗಿ ಬಂದ ಮೇಲೆ ಹೇಳುತ್ತೇನೆ, ಇಡೀ ಪ್ಯಾಕೇಜ್‌ನಲ್ಲಿ ಸರಿಯಾಗಿದ್ದದ್ದು ಆ ನಾಲ್ಕು ದಿನ ಮಾತ್ರ. ಯಾಕೆ ಅಂತ ಮುಂದೆ ಬರುತ್ತದೆ.

ಕಲಫಾತೆ ಊರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲಾಗೊ ಅರ್ಜೆಂಟೀನೊ ಸರೋವರದ ದಡದಲ್ಲಿರುವ ಪ್ರವಾಸಿಗಳ ಊರು. ಒಂದೇ ಮುಖ್ಯ ಬೀದಿ, ಅದರ ತುಂಬ ಜಾಕೆಟ್ ಅಂಗಡಿ, ಚಾಕೊಲೇಟ್ ಅಂಗಡಿ, ಗಾಜಿನ ಹಿಂದೆ ಶಿಲುಬೆಯಂಥ ಕಂಬಿಗೆ ಕಟ್ಟಿ ಬೇಯಿಸುವ ಕುರಿಮರಿ. ನಾವು ಮಾಂಸ ತಿನ್ನದವರು, ಹಾಗಾಗಿ ಆ ಕಡೆ ನೋಡದೆ ನಡೆದೆವು. ಸರೋವರದ ಪಕ್ಕ ಲಗುನಾ ನಿಮೆಸ್ ಅಂತ ಒಂದು ಸಣ್ಣ ಪಕ್ಷಿಧಾಮ ಇದೆ. ಸಂಜೆ ಅಲ್ಲಿ ಗುಲಾಬಿ ಫ್ಲೆಮಿಂಗೊಗಳು ಗಾಳಿಗೆ ಬೆನ್ನು ಹಾಕಿ ನಿಂತಿದ್ದವು. ಊರಿನಲ್ಲಿ ಇಷ್ಟವಾಗಿದ್ದು ಅದೊಂದೇ. ಕಲಫಾತೆ ಅನ್ನುವುದು ಅಲ್ಲಿನ ಒಂದು ಮುಳ್ಳು ಗಿಡದ ಹೆಸರು. ಕಡುನೀಲಿ ಹಣ್ಣು ಬಿಡುತ್ತದೆ. ಅದರ ಐಸ್‌ಕ್ರೀಮು ಚೆನ್ನಾಗಿದೆ, ಹುಳಿ ಸಿಹಿ.

ಈಗ ಹಿಮನದಿ. ಪೆರಿತೊ ಮೊರೆನೊ ಹಿಮನದಿ ಮೇಲೆ ನಡೆಯುವುದಕ್ಕೆ ಎರಡು ಥರ ಟೂರ್ ಇದೆ. ಒಂದು ಮಿನಿಟ್ರೆಕ್ಕಿಂಗ್, ಮಂಜಿನ ಮೇಲೆ ಒಂದೂವರೆ ಗಂಟೆಯ ಆಸುಪಾಸು. ಇನ್ನೊಂದು ಬಿಗ್ ಐಸ್, ಹೆಸರೇ ಹೇಳುವ ಹಾಗೆ ದೊಡ್ಡದು, ಹಿಮನದಿಯ ಒಳಗೆ ಜಾಸ್ತಿ ದೂರ ಹೋಗುತ್ತದೆ. ನಮಗೆ ಮಾರಿದ್ದು ಬಿಗ್ ಐಸ್. ಆದರೆ ಅದಕ್ಕೆ 18ರಿಂದ 50 ವರ್ಷ ಅನ್ನುವ ಮಿತಿ ಇದೆ. ನಮ್ಮ ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಂಡ ಏಜೆನ್ಸಿಗೆ ನಮ್ಮವರ ಹುಟ್ಟಿದ ವರ್ಷ ಕಾಣಲಿಲ್ಲವಂತೆ. ಹೊರಡುವ ಒಂದು ವಾರ ಮುಂಚೆ ಮೇಲ್ ಬಂತು: "ನಿಮ್ಮ ಅನುಕೂಲಕ್ಕಾಗಿ ಮಿನಿಟ್ರೆಕ್ಕಿಂಗ್‌ಗೆ ಬದಲಾಯಿಸಿದ್ದೇವೆ." ನಮ್ಮ ಅನುಕೂಲ! ಎರಡರ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇದೆ. ಆ ವ್ಯತ್ಯಾಸದ ಬಗ್ಗೆ ಮೇಲ್‌ನಲ್ಲಿ ಒಂದಕ್ಷರ ಇಲ್ಲ. ನಿಮಗೂ ಯಾರಾದರೂ ಈ ಟೂರ್ ಮಾರಲು ಬಂದರೆ ಮೊದಲು ವಯಸ್ಸಿನ ಮಿತಿ ಕೇಳಿ. ಮಿನಿಟ್ರೆಕ್ಕಿಂಗ್‌ಗೂ 65 ದಾಟಿದವರನ್ನು ಬಿಡುವುದಿಲ್ಲ.

ಟೂರ್ ನಡೆಸಿದವರ ಮೇಲೆ ಮಾತ್ರ ನನಗೆ ಯಾವ ದೂರೂ ಇಲ್ಲ. ಬಸ್ಸಿನಲ್ಲಿ ಸುಮಾರು 80 ಕಿಲೋಮೀಟರ್, ಆಮೇಲೆ ಬ್ರಾಸೊ ರಿಕೊ ಅನ್ನುವ ಸರೋವರದ ತೋಳನ್ನು ದೋಣಿಯಲ್ಲಿ ಇಪ್ಪತ್ತು ನಿಮಿಷ ದಾಟುವುದು. ಆಚೆ ದಡದಲ್ಲಿ ಕಾಡಿನೊಳಗೆ ಸ್ವಲ್ಪ ನಡೆದ ಮೇಲೆ ಕ್ರಾಂಪಾನ್ ಕಟ್ಟುವ ಜಾಗ. ಬೂಟಿನ ಅಡಿಗೆ ಕಬ್ಬಿಣದ ಹಲ್ಲು ಕಟ್ಟಿಕೊಳ್ಳುವುದು ಅಂದುಕೊಳ್ಳಿ. ಗೈಡ್‌ಗಳೇ ಬಗ್ಗಿ ಕುಳಿತು ಒಬ್ಬೊಬ್ಬರಿಗೂ ಬಿಗಿದು ಕಟ್ಟುತ್ತಾರೆ, ಎದ್ದು ನಿಲ್ಲಿಸಿ ಮತ್ತೊಮ್ಮೆ ಎಳೆದು ನೋಡುತ್ತಾರೆ. ಹೆಲ್ಮೆಟ್ ಕೊಡುತ್ತಾರೆ. ಕೈಗವಸು ಕಡ್ಡಾಯ, ಚಳಿಗೆ ಮಾತ್ರ ಅಲ್ಲ, ಬಿದ್ದರೆ ಮಂಜು ಗಾಜಿನ ಥರ ಕೈ ಕುಯ್ಯುತ್ತದೆ ಅನ್ನುವುದಕ್ಕೆ. ನಡೆಯುವ ಪಾಠ ಎರಡು ನಿಮಿಷದ್ದು: ಕಾಲು ಅಗಲ ಇಡಿ, ಪಾದ ಪೂರ್ತಿ ಊರಿ, ಇಳಿಯುವಾಗ ಮಂಡಿ ಬಗ್ಗಿಸಿ ಧೈರ್ಯವಾಗಿ ತುಳಿಯಿರಿ. ಮೊದಲ ಹತ್ತು ಹೆಜ್ಜೆ ಬಾತುಕೋಳಿ ನಡಿಗೆ. ಆಮೇಲೆ ಹಲ್ಲು ಮಂಜಿಗೆ ಕಚ್ಚುವ ಆ ಕರಕ್ ಕರಕ್ ಸದ್ದಿನ ಮೇಲೆ ನಂಬಿಕೆ ಬರುತ್ತದೆ, ಮನೆಯ ಜಗಲಿಯಲ್ಲಿ ಓಡಾಡಿದ ಹಾಗೆ ಓಡಾಡಬಹುದು.

ಮೇಲೆ ಹೋದ ಮೇಲೆ ಗೊತ್ತಾಗುವುದು, ದೂರದಿಂದ ಬಿಳಿ ಅಂದುಕೊಂಡದ್ದು ಬಿಳಿ ಅಲ್ಲ. ಬಿರುಕಿನೊಳಗೆ ಇಣುಕಿದರೆ ನೀಲಿ, ಇನ್ನೂ ಒಳಗೆ ಇನ್ನೂ ಗಾಢ ನೀಲಿ. ವರ್ಷಗಟ್ಟಲೆ ಹಿಮದ ಭಾರಕ್ಕೆ ಒಳಗಿನ ಗಾಳಿಯೆಲ್ಲ ಹಿಂಡಿಹೋಗಿ ಮಂಜು ಗಟ್ಟಿಯಾಗುತ್ತದೆ, ಅಂಥ ಮಂಜು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಬಿಡುತ್ತದೆ. ಗೈಡ್ ಇದನ್ನು ಹೇಳುವ ಹೊತ್ತಿಗೆ ನಮ್ಮವರು ಒಂದು ನೀರಿನ ಗುಂಡಿಯ ಪಕ್ಕ ಮೊಣಕಾಲೂರಿ ಬಾಟಲಿ ತುಂಬಿಸುತ್ತಿದ್ದರು. ಕೊನೆಗೆ ಅಲ್ಲೇ ಮಂಜು ಕೆತ್ತಿ ಗ್ಲಾಸಿಗೆ ಹಾಕಿ ವಿಸ್ಕಿ ಕೊಡುತ್ತಾರೆ. ನಾವಿಬ್ಬರೂ ಕುಡಿಯುವುದಿಲ್ಲ, ಬರೀ ಮಂಜು ಕಡಿದೆವು. ಪಕ್ಕದಲ್ಲಿದ್ದವರು ನಮ್ಮ ಪಾಲಿನದ್ದನ್ನೂ ಖುಷಿಯಿಂದ ಮುಗಿಸಿದರು.

ಬಿಗ್ ಐಸ್ ತಪ್ಪಿದ್ದಕ್ಕೆ ಬೇಜಾರಾಯಿತಾ ಅಂದರೆ, ನಿಜ ಹೇಳಬೇಕು, ಇಲ್ಲ. ಒಂದೂವರೆ ಗಂಟೆ ಸಾಕು. ನನ್ನ ಸಿಟ್ಟು ಬೇರೆ ಕಡೆ ಇದೆ. ನಡಿಗೆ ಮುಗಿಸಿ ದೋಣಿಯಲ್ಲಿ ವಾಪಸ್ ಬಂದ ಮೇಲೆ ಹಿಮನದಿಯ ಎದುರಿಗಿನ ಕಟ್ಟೆಹಾದಿಗಳಿಗೆ ಬಿಟ್ಟರು. ಗುಡ್ಡದ ಇಳಿಜಾರಿನಲ್ಲಿ ಕಿಲೋಮೀಟರ್‌ಗಟ್ಟಲೆ ಕಟಕಟೆ ಇರುವ ಹಾದಿ, ಹಂತ ಹಂತವಾಗಿ ಇಳಿದರೆ ಹಿಮನದಿಯ ಮುಖ ಕಣ್ಣೆದುರು. ಅದಕ್ಕೆ ನಮಗೆ ಕೊಟ್ಟ ಸಮಯ ಐವತ್ತು ನಿಮಿಷ! ಅದರಲ್ಲಿ ಶೌಚಾಲಯದ ಸಾಲಿಗೇ ಹತ್ತು ಹೋಯಿತು.

ಮಾರನೇ ದಿನ ಪ್ಯಾಕೇಜ್‌ನಲ್ಲಿ "ಊರಿನ ಪರಿಚಯ, ಶಾಪಿಂಗ್" ಅಂತ ಇತ್ತು. ಅದನ್ನು ಬಿಟ್ಟು, ಬಸ್ ನಿಲ್ದಾಣಕ್ಕೆ ಹೋಗಿ, ಸಾಮಾನ್ಯ ಬಸ್ಸಿಗೆ ಟಿಕೆಟ್ ತೆಗೆದುಕೊಂಡು ನಾವೇ ಮತ್ತೆ ಅಲ್ಲಿಗೆ ಹೋದೆವು. ಪಾರ್ಕಿನ ಪ್ರವೇಶ ಶುಲ್ಕ ಇನ್ನೊಮ್ಮೆ ಕಟ್ಟಿದೆವು. ಐದು ಗಂಟೆ ಅಲ್ಲಿ ಕುಳಿತೆವು. ಅದೇ ಇಡೀ ಕಲಫಾತೆಯ ಲೆಕ್ಕದಲ್ಲಿ ನಿಜವಾಗಿ ವಸೂಲಾದ ದುಡ್ಡು.

ಐದು ಕಿಲೋಮೀಟರ್ ಅಗಲದ ಮಂಜಿನ ಗೋಡೆ, ನೀರಿನಿಂದ ಮೇಲಕ್ಕೆ 60-70 ಮೀಟರ್. ನಡುಭಾಗದಲ್ಲಿ ದಿನಕ್ಕೆ ಎರಡು ಮೀಟರ್‌ನಷ್ಟು ಮುಂದೆ ಸರಿಯುತ್ತದೆ, ಅಂದರೆ ನೀವು ಕುಳಿತಿರುವಾಗಲೂ ಅದು ಬರುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಎಲ್ಲೋ ಒಳಗೆ ಗುಡುಗು, ಆಮೇಲೆ ತೊಲೆ ಮುರಿದ ಸದ್ದು, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಎಲ್ಲರೂ ಫೋನ್ ಎತ್ತಿ ಹಿಡಿದು ಕೈ ಸೋತು ಇಳಿಸುತ್ತಾರೆ, ಸರಿಯಾಗಿ ಆಗಲೇ ಒಂದು ಮನೆಯಷ್ಟು ತುಂಡು ಜಾರಿ ನೀರಿಗೆ ಬೀಳುತ್ತದೆ. ಸದ್ದು ತಡವಾಗಿ ಬರುತ್ತದೆ, ಅಲೆ ಇನ್ನೂ ತಡವಾಗಿ. ನಮ್ಮವರು ಐದು ಗಂಟೆಯಲ್ಲಿ ಒಂದನ್ನೂ ವಿಡಿಯೋ ಮಾಡಲಾಗಲಿಲ್ಲ. ನಾನು ಫೋನ್ ಹೊರಗೆ ತೆಗೆಯಲಿಲ್ಲ, ನಾಲ್ಕು ನೋಡಿದೆ.

ಕಟಕಟೆ ದಾಟಿ ಕೆಳಗೆ ಇಳಿಯಬೇಡಿ ಅಂತ ಅಲ್ಲಲ್ಲಿ ಎಚ್ಚರಿಕೆ ಫಲಕ ಇದೆ. 1968ರಿಂದ 1988ರ ನಡುವೆ ಸಿಡಿದ ಮಂಜಿನ ತುಂಡು ಬಡಿದು 32 ಜನ ಸತ್ತಿದ್ದಾರೆ. ಅಷ್ಟು ದೂರಕ್ಕೆ ಹೇಗೆ ಬಡಿಯುತ್ತದೆ ಅನ್ನಿಸುವುದು ಮೊದಲ ತುಂಡು ಬೀಳುವವರೆಗೆ ಮಾತ್ರ. ಇನ್ನೊಂದು ಸಂಗತಿ. ಈ ಹಿಮನದಿ ಆಗಾಗ ಎದುರಿನ ದಡಕ್ಕೆ ಬಂದು ತಾಗಿ ಸರೋವರದ ತೋಳಿಗೆ ಅಣೆಕಟ್ಟಾಗುತ್ತದೆ, ಒಂದು ಕಡೆ ನೀರು ಏರಿ ಏರಿ ಕೊನೆಗೆ ಮಂಜನ್ನು ಕೊರೆದು ಒಡೆದುಕೊಂಡು ಹೋಗುತ್ತದೆ. 2004, 2016, 2018ರಲ್ಲೆಲ್ಲ ಹಾಗಾಗಿತ್ತು. ಲೋಕದ ಬೇರೆ ಹಿಮನದಿಗಳು ಕರಗುತ್ತಿದ್ದಾಗ ಇದು ಮಾತ್ರ ಗಟ್ಟಿಯಾಗಿ ನಿಂತಿದೆ ಅನ್ನುವುದು ಹಳೆಯ ಮಾತು. ಈಗ ಕೆಲವು ವರ್ಷದಿಂದ ಇದೂ ಹಿಂದೆ ಸರಿಯುತ್ತಿದೆ. ಏಜೆನ್ಸಿಯ ಕರಪತ್ರದಲ್ಲಿ ಇನ್ನೂ "ಬೆಳೆಯುತ್ತಿರುವ ಹಿಮನದಿ" ಅಂತಲೇ ಇದೆ.

ಕಲಫಾತೆಯಿಂದ ಚಾಲ್ತೆನ್‌ಗೆ ಬಸ್ಸಿನಲ್ಲಿ ಮೂರು ಗಂಟೆ, 215 ಕಿಲೋಮೀಟರ್ ಅಂದುಕೊಳ್ಳಿ. ಎರಡೂ ಕಡೆ ಹಳದಿ ಹುಲ್ಲು, ಬೇಲಿ, ಗ್ವನಾಕೊ ಅನ್ನುವ ಒಂಟೆಯ ಸಂಬಂಧಿ. ಮಧ್ಯೆ ಲಾ ಲಿಯೋನಾ ಅನ್ನುವ ಹಳೆಯ ಹೆದ್ದಾರಿ ಮನೆಯಲ್ಲಿ ಕಾಫಿಗೆ ನಿಲ್ಲಿಸುತ್ತಾರೆ. ಎಡಗಡೆ ಸೀಟು ಹಿಡಿಯಿರಿ, ಸರೋವರಗಳು ಆ ಕಡೆ. ನಾನು ಅರ್ಧ ಸ್ಟಾರ್ ಕೊಟ್ಟ ಡ್ರೈವರ್ ಈ ಬಸ್ಸಿನವರು. ಊರು ಇನ್ನೂ ದೂರ ಇರುವಾಗ ರಸ್ತೆಯ ತುದಿಗೆ ಫಿಟ್ಜ್ ರಾಯ್ ಶಿಖರ ಪೂರ್ತಿ ಬಿಚ್ಚಿಕೊಂಡು ನಿಂತಿತ್ತು, ಒಂದು ಮೋಡ ಇಲ್ಲ. ಅವರು ಬಸ್ಸು ಪಕ್ಕಕ್ಕೆ ಹಾಕಿ, ಬಾಗಿಲು ತೆಗೆದು, ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದರು. ಪಕ್ಕದ ಹುಡುಗಿ ಅನುವಾದಿಸಿದಳು: "ಹತ್ತು ನಿಮಿಷ ಇಳಿದು ನೋಡಿ, ನಾಳೆ ಕಾಣುತ್ತೋ ಇಲ್ವೋ ಗೊತ್ತಿಲ್ಲ." ಇದು ಯಾವ ಪ್ಯಾಕೇಜ್‌ನಲ್ಲೂ ಬರೆದಿರುವುದಿಲ್ಲ, ಅಲ್ವಾ?

ಚಾಲ್ತೆನ್ ಹಳೆಯ ಊರೇನಲ್ಲ. ಚಿಲಿಯ ಜೊತೆ ಗಡಿ ತಕರಾರಿದ್ದ ಕಾಲದಲ್ಲಿ, 1985ರಲ್ಲಿ, ಇಲ್ಲಿ ನಮ್ಮ ದೇಶದ ಜನ ಇದ್ದಾರೆ ಅಂತ ತೋರಿಸುವುದಕ್ಕೇ ಅರ್ಜೆಂಟೀನಾ ಕಟ್ಟಿದ ಊರು. ಹೆಸರು ಮಾತ್ರ ಹಳೆಯದು. ಫಿಟ್ಜ್ ರಾಯ್ ಶಿಖರಕ್ಕೆ ಅಲ್ಲಿನ ಮೂಲ ಜನ ತೆವೆಲ್ಚೆಗಳು ಕರೆಯುತ್ತಿದ್ದ ಹೆಸರದು, ಹೊಗೆಯಾಡುವ ಬೆಟ್ಟ ಅಂತ ಅರ್ಥ. ಹೊಗೆ ಅಲ್ಲ, ತುದಿಯನ್ನು ಬಿಡದೆ ಹಿಡಿದಿರುವ ಮೋಡ. ತಗಡಿನ ಛಾವಣಿಯ ತಗ್ಗು ಮನೆಗಳು, ಧೂಳಿನ ಅಡ್ಡಬೀದಿಗಳು, ಬೀದಿ ಮುಗಿದಲ್ಲೇ ಚಾರಣದ ದಾರಿ ಶುರು. ಟ್ಯಾಕ್ಸಿ ಬೇಡ, ಗೈಡ್ ಬೇಡ, ಬೆಳಿಗ್ಗೆ ಬಾಗಿಲು ತೆಗೆದು ನಡೆದರೆ ಸಾಕು. ಮೊದಲು ಇಲ್ಲಿನ ದಾರಿಗಳಿಗೆ ಶುಲ್ಕ ಇರಲಿಲ್ಲ, 2024ರ ಕೊನೆಯಿಂದ ಕಟ್ಟಬೇಕು. ಇಂಟರ್‌ನೆಟ್ ನಿಧಾನ, ಎಟಿಎಂನಲ್ಲಿ ದುಡ್ಡು ಇದ್ದರೆ ಅದೃಷ್ಟ. ಪೆಸೊ ನೋಟುಗಳನ್ನು ಕಲಫಾತೆಯಲ್ಲೇ ಕಟ್ಟು ಕಟ್ಟಾಗಿ ಇಟ್ಟುಕೊಂಡು ಹೋಗಿ.

ಈಗ ಆ "ಸ್ವಂತ ಸಮಯ"ದ ವಿಷಯ. ಪ್ಯಾಟಗೋನಿಯಾದಲ್ಲಿ ಹವಾಮಾನ ಯಾರ ಮಾತೂ ಕೇಳುವುದಿಲ್ಲ. ಪಶ್ಚಿಮದ ಸಾಗರದಿಂದ ಬರುವ ಗಾಳಿಯನ್ನು ಮೊದಲು ಎದುರಿಸುವುದೇ ಈ ಬೆಟ್ಟಗಳು. ಹಿಂದೆಯೇ ದೊಡ್ಡ ಮಂಜಿನ ಬಯಲು ಇದೆ. ಅಂಟಾರ್ಕ್ಟಿಕಾ ಬಿಟ್ಟರೆ ದಕ್ಷಿಣಾರ್ಧದಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ. ಬೆಳಿಗ್ಗೆ ಬಿಸಿಲು, ಹನ್ನೊಂದಕ್ಕೆ ಮಳೆ, ಮಧ್ಯಾಹ್ನ ಅಡ್ಡಡ್ಡ ಹೊಡೆಯುವ ಹಿಮ, ಸಂಜೆ ಮತ್ತೆ ಬಿಸಿಲು. ಇಂಥ ಕಡೆ "ಐದನೇ ದಿನ ಫಿಟ್ಜ್ ರಾಯ್" ಅಂತ ಆರು ತಿಂಗಳ ಮುಂಚೆ ಬರೆದಿಟ್ಟರೆ ಐದನೇ ದಿನ ಮೋಡ ನೋಡಿಕೊಂಡು ಬರುತ್ತೀರಿ, ಅಷ್ಟೇ. ನಮಗೆ ನಾಲ್ಕು ದಿನ ಖಾಲಿ ಇದ್ದದ್ದಕ್ಕೆ, ಹಾಸ್ಟೆಲ್‌ನ ಹುಡುಗ ಗಾಳಿಯ ಮುನ್ಸೂಚನೆ ನೋಡಿ "ನಾಳೆ ಬೇಡ, ನಾಡಿದ್ದು ಹೋಗಿ" ಅಂದ. ಅವನ ಮಾತು ಕೇಳಿದೆವು. ಕೇಳದ ಒಂದು ಗುಂಪು ಮಾರನೇ ದಿನ ಹೋಗಿ ಒದ್ದೆ ಬೆಕ್ಕುಗಳ ಹಾಗೆ ವಾಪಸ್ ಬಂತು.

ಲಗುನಾ ದೆ ಲೊಸ್ ತ್ರೆಸ್ ಅನ್ನುವುದು ಫಿಟ್ಜ್ ರಾಯ್ ಕಾಲಬುಡದ ಸರೋವರ. ಹೋಗಿ ಬರಲು 20 ಕಿಲೋಮೀಟರ್ ಮೇಲೆ, ನಮಗೆ ಒಂಬತ್ತೂವರೆ ಗಂಟೆ ಹಿಡಿಯಿತು. ನಾವು ಊರಿನಿಂದ ಹೊರಡದೆ, ಬೆಳಿಗ್ಗೆ ವ್ಯಾನಿನಲ್ಲಿ ಉತ್ತರಕ್ಕೆ 17 ಕಿಲೋಮೀಟರ್ ಹೋಗಿ ಎಲ್ ಪಿಲಾರ್ ಕಡೆಯಿಂದ ಹತ್ತಿ, ಇಳಿಯುವಾಗ ಊರಿನ ದಾರಿ ಹಿಡಿದೆವು. ಹೀಗೆ ಮಾಡಿದರೆ ಏರು ಸ್ವಲ್ಪ ಕಡಿಮೆ, ಬಂದ ದಾರಿಯಲ್ಲೇ ವಾಪಸ್ ಬರುವ ಬೇಜಾರೂ ಇಲ್ಲ, ಪಿಯೆದ್ರಾಸ್ ಬ್ಲಾಂಕಾಸ್ ಹಿಮನದಿ ಉಚಿತವಾಗಿ ಕಾಣುತ್ತದೆ. ಮಾರ್ಚ್ ಕೊನೆಯಲ್ಲಿ ಸೂರ್ಯ ಹುಟ್ಟುವುದೇ ಎಂಟರ ಸುಮಾರಿಗೆ, ಹಾಗಾಗಿ ತುಂಬಾ ಬೇಗ ಏಳುವ ಕಷ್ಟವೂ ಇರಲಿಲ್ಲ. ಲೆಂಗಾ ಮರಗಳು ಕೆಂಪಾಗಲು ಶುರುವಾಗಿದ್ದವು. ಕಾಡಿನೊಳಗೆ ಟಕ್ ಟಕ್ ಅಂತ ಎಲ್ಲೋ ಬಡಗಿ ಬಡಿದ ಹಾಗೆ. ನೋಡಿದರೆ ಕೆಂಪು ತಲೆಯ ದೊಡ್ಡ ಮರಕುಟುಕ, ಕೈಯಳತೆಯಲ್ಲಿ, ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತನ್ನ ಕೆಲಸ ಮಾಡುತ್ತಿತ್ತು.

ಪೊಯಿನ್ಸೆನೊ ಕ್ಯಾಂಪ್ ದಾಟಿದ ಮೇಲೆ ಕೊನೆಯ ಒಂದು ಕಿಲೋಮೀಟರ್. ಆ ಒಂದು ಕಿಲೋಮೀಟರ್‌ನಲ್ಲಿ 400 ಮೀಟರ್ ಏರಬೇಕು. ಬರೀ ಕಲ್ಲು. ಊರಿನ ಒಂದು ಅಂಗಡಿಯಲ್ಲಿ ಊರುಗೋಲು ಬಾಡಿಗೆಗೆ ತಂದಿದ್ದೆ. ಒಂದರ ಲಾಕ್ ಸಡಿಲ ಇದೆ ಅಂತ ಅಲ್ಲೇ ಹೇಳಿದರೆ, ಏನೂ ಆಗಲ್ಲ ಅಂತ ಕೈಯಾಡಿಸಿ ಕಳಿಸಿದ್ದರು. ಸರಿಯಾಗಿ ಈ ಏರಿನ ಮಧ್ಯದಲ್ಲಿ ಅದು ಕೊಡೆ ಮಡಚಿದ ಹಾಗೆ ಒಳಗೆ ಹೋಗಿ ನಾನು ಮಂಡಿ ತರಚಿಕೊಂಡೆ. ಬಾಡಿಗೆ ಸಾಮಾನನ್ನು ಅಂಗಡಿಯಲ್ಲೇ ಮೈಭಾರ ಹಾಕಿ ಒತ್ತಿ ನೋಡಿ, ಸಂಕೋಚ ಬೇಡ. ಉಳಿದ ಏರನ್ನು ಒಂದು ಕೋಲು, ನಮ್ಮವರ ಒಂದು ಕೈ ಹಿಡಿದು ಹತ್ತಿದೆ. ನಮ್ಮವರು ಪ್ರತಿ ಹತ್ತು ನಿಮಿಷಕ್ಕೆ "ಇನ್ನು ಹತ್ತೇ ನಿಮಿಷ" ಅನ್ನುತ್ತಿದ್ದರು, ಅದು ಒಂದು ಗಂಟೆಯಾಯಿತು. ಮೇಲೆ ಹೋಗಿ ನಿಂತ ಮೇಲೆ ಇಬ್ಬರೂ ಮಾತಾಡಲಿಲ್ಲ. ಎದುರಿಗೆ 3405 ಮೀಟರ್‌ನ ಗ್ರಾನೈಟ್, ಕೆಳಗೆ ನವಿಲುಬಣ್ಣದ ನೀರು. ನಾನು ಒಂದು ಬಂಡೆಯ ಮರೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕುಳಿತು ಚೀಸ್ ಬ್ರೆಡ್ ತಿಂದೆ. ಅದಕ್ಕಿಂತ ರುಚಿಯಾದ ಚೀಸ್ ಬ್ರೆಡ್ ನಾನು ತಿಂದಿಲ್ಲ.

ಲಗುನಾ ತೊರ್ರೆಯ ದಾರಿ ಇದಕ್ಕಿಂತ ಸಲೀಸು. ಒಂದು ಕಡೆಗೆ ಒಂಬತ್ತು ಕಿಲೋಮೀಟರ್, ಮೊದಲ ಏರು ಬಿಟ್ಟರೆ ಹೆಚ್ಚು ಕಡಿಮೆ ಸಮ. ಮಂಡಿ ನೋವಿದ್ದವರು ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಇದನ್ನು ಆರಿಸಿ. ಆದರೆ ಸೆರೊ ತೊರ್ರೆ ಶಿಖರ ನಮಗೆ ಕಾಣಲಿಲ್ಲ. ಸರೋವರದಲ್ಲಿ ತೇಲುವ ಮಂಜಿನ ತುಂಡುಗಳು, ಮೇಲೆ ಬೂದು ಗೋಡೆ, ಅಷ್ಟೇ. ಈ ಶಿಖರದ ಕತೆ ನಮ್ಮವರು ದಾರಿಯುದ್ದಕ್ಕೂ ಹೇಳಿದರು. 1959ರಲ್ಲಿ ಚೆಸಾರೆ ಮಾಯೆಸ್ತ್ರಿ ಅನ್ನುವ ಇಟಲಿಯವರು ನಾನು ಹತ್ತಿದೆ ಅಂದರಂತೆ, ಜೊತೆಗಿದ್ದವರು ಇಳಿಯುವಾಗ ಸತ್ತರು, ಕ್ಯಾಮೆರಾ ಅವರ ಜೊತೆಗೇ ಹೋಯಿತು, ಹಾಗಾಗಿ ಆಮೇಲೆ ಬಹಳ ಜನ ನಂಬಲಿಲ್ಲ. ಸಿಟ್ಟಿಗೆ 1970ರಲ್ಲಿ ಕಂಪ್ರೆಸರ್ ಯಂತ್ರ ಹೊತ್ತು ತಂದು ಬಂಡೆಗೆ ನೂರಾರು ಬೋಲ್ಟ್ ಹೊಡೆಯುತ್ತ ಹತ್ತಿ, ಯಂತ್ರವನ್ನು ಅಲ್ಲೇ ನೇತುಹಾಕಿ ಬಂದರು. ಜನ ಅದಕ್ಕೂ ಬೈದರು. ಆ ಯಂತ್ರವನ್ನು ದುರ್ಬೀನಿನಲ್ಲಿ ನೋಡಬೇಕು ಅಂತ ನಮ್ಮವರ ಆಸೆ. ಬೆಟ್ಟವೇ ಕಾಣಲಿಲ್ಲ, ಯಂತ್ರ ಎಲ್ಲಿಂದ ಬರಬೇಕು.

ಊಟದ ಬಗ್ಗೆ ಕೇಳುವವರಿಗೆ: ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಹಿಟ್ಟು ಮತ್ತು ಚೀಸಿನಲ್ಲೇ ಮುಳುಗುತ್ತೀರಿ. ಪಿಜ್ಜಾ, ಪಾಸ್ತಾ, ಚೀಸ್ ಈರುಳ್ಳಿ ತುಂಬಿದ ಎಂಪನಾದಾ. ಎಂಪನಾದಾದಲ್ಲಿ ಉಮಿತಾ ಅಂತ ಕೇಳಿದರೆ ಮೆಕ್ಕೆಜೋಳದ್ದು ಸಿಗುತ್ತದೆ, ಅದು ನಿಜಕ್ಕೂ ಚೆನ್ನಾಗಿದೆ. ಚಾಲ್ತೆನ್‌ನ ಒಂದು ಪುಟ್ಟ ಹೋಟೆಲ್‌ನಲ್ಲಿ ಬೇಳೆಯ ಗಟ್ಟಿ ಸಾರಿನಂಥ ಲೆಂತೆಹಾಸ್ ಸಿಕ್ಕಿತು. ಅದರಲ್ಲಿ ಮಾಂಸ ಇದೆಯಾ ಅಂತ ಮೂರು ಸಲ ಕೇಳಬೇಕು, ಹ್ಯಾಮನ್ನು ಅಲ್ಲಿ ಕೆಲವರು ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಏಜೆನ್ಸಿ ಕೂಡ ಹಾಗೇ. "ಸಸ್ಯಾಹಾರಿ" ಅಂತ ಅಂಟಿಸಿದ ಡಬ್ಬಿಯಲ್ಲಿ ಎರಡು ಹ್ಯಾಮ್ ಸ್ಯಾಂಡ್‌ವಿಚ್ ಇತ್ತು. ದುಲ್ಸೆ ದೆ ಲೆಚೆ ಅನ್ನುವ ಕಾಯಿಸಿದ ಹಾಲಿನ ಸಿಹಿ ತುಂಬಿದ ಆಲ್ಫಹೋರ್ ಬಿಸ್ಕತ್ತು ದಾರಿ ಖರ್ಚಿಗೆ ಒಳ್ಳೆಯದು. ನಾನು ದಿನಕ್ಕೆ ಎರಡು ತಿಂದೆ, ಲೆಕ್ಕಕ್ಕೆ ಒಂದು.

ಚಿಲಿಗೆ ದಾಟುವ ದಿನ ಸ್ವಲ್ಪ ಎಚ್ಚರ ಬೇಕು. ಕಲಫಾತೆಯಿಂದ ಪುಯೆರ್ತೊ ನತಾಲೆಸ್‌ಗೆ ಐದಾರು ಗಂಟೆ, ಅದರಲ್ಲಿ ಗಡಿಯ ಕಾಯುವಿಕೆಯೇ ಜಾಸ್ತಿ. ಎರಡು ಕಡೆ ಇಳಿಯಬೇಕು, ಎರಡು ಸಲ ಸಾಲು. ಚಿಲಿಯವರು ಹಣ್ಣು, ತರಕಾರಿ, ಹಸಿ ಬೀಜ, ಜೇನು, ಮಾಂಸದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಫಾರ್ಮಿನಲ್ಲಿ ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ಇದೆ ಅಂತ ಬರೆದರೆ ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ. ಸಾಲಿನಲ್ಲಿ ನಿಂತವರೆಲ್ಲ ಗಬಗಬನೆ ಸೇಬು ತಿನ್ನುತ್ತಿದ್ದರು, ನಾವೂ ಮೂರು ಮುಗಿಸಿದೆವು. ನನ್ನ ಚಟ್ನಿಪುಡಿ ಡಬ್ಬಿಯನ್ನು ಬರೆದು ತೋರಿಸಿದೆ. ಅಧಿಕಾರಿ ಮುಚ್ಚಳ ತೆಗೆದು ಮೂಸಿ, ಎರಡು ಸಲ ಸೀನಿ, ಹೋಗಿ ಅಂದರು.

ನತಾಲೆಸ್ ನನಗೆ ಕಲಫಾತೆಗಿಂತ ಇಷ್ಟವಾಯಿತು. ಸಮುದ್ರದ ಕೊಲ್ಲಿಯ ದಡದ ಬೂದುಬಣ್ಣದ ಊರು. ಕೊಲ್ಲಿಯ ಹೆಸರು ಉಲ್ತಿಮಾ ಎಸ್ಪೆರಾನ್ಸಾ, ಕೊನೆಯ ಆಸೆ ಅಂತ. 1557ರಲ್ಲಿ ಮೆಗಲನ್ ಜಲಸಂಧಿ ಹುಡುಕುತ್ತ ಬಂದ ಹುವಾನ್ ಲಾದ್ರಿಯೆರೊ ಇಟ್ಟ ಹೆಸರು, ಪಾಪ ದಾರಿ ಸಿಗಲಿಲ್ಲ. ಮುರಿದ ಹಳೆಯ ಮರದ ಧಕ್ಕೆಯ ಕಂಬಗಳ ಮೇಲೆ ಸಾಲಾಗಿ ನೀರುಕಾಗೆಗಳು, ದಡದಲ್ಲಿ ಕಪ್ಪು ಕತ್ತಿನ ಹಂಸಗಳು. ದುಡ್ಡು ಇಲ್ಲಿ ಚಿಲಿಯ ಪೆಸೊ, ಅರ್ಜೆಂಟೀನಾದ್ದು ನಡೆಯುವುದಿಲ್ಲ, ಸೊನ್ನೆಗಳ ಲೆಕ್ಕ ಮತ್ತೆ ಮೊದಲಿಂದ ಕಲಿಯಬೇಕು.

ಇಲ್ಲೇ ಏಜೆನ್ಸಿಯ ಎರಡನೇ ದೊಡ್ಡ ಎಡವಟ್ಟು. "ಟೊರೆಸ್ ದೆಲ್ ಪೈನೆ ಪೂರ್ಣ ದಿನ" ಅಂತ ಬರೆದದ್ದನ್ನು ನಾವು ಆ ಮೂರು ಗ್ರಾನೈಟ್ ಗೋಪುರಗಳ ಬುಡಕ್ಕೆ ಹತ್ತುವ ಚಾರಣ ಅಂದುಕೊಂಡಿದ್ದೆವು. ಫೋನಿನಲ್ಲಿ ಕೇಳಿದಾಗ ಹೌದು ಅಂದಿದ್ದರು ಕೂಡ. ಬೆಳಿಗ್ಗೆ ನೋಡಿದರೆ ಅದು ವ್ಯಾನಿನ ಟೂರು. ಮಿಲೊಡಾನ್ ಗುಹೆ, ಸರೋವರ, ಫೋಟೋ, ಜಲಪಾತ, ಫೋಟೋ, ಊಟ, ಗ್ರೇ ಸರೋವರದ ದಡದಲ್ಲಿ ಮಂಜಿನ ತುಂಡು, ಫೋಟೋ. ಕೆಟ್ಟ ಟೂರ್ ಅಂತ ಹೇಳಲಾರೆ. ಕ್ವೆರ್ನೊಸ್ ಅನ್ನುವ ಕೊಂಬಿನಾಕಾರದ ಬೆಟ್ಟಗಳ ಮೈ ತಿಳಿ ಬಣ್ಣದ ಗ್ರಾನೈಟ್, ತಲೆ ಮಾತ್ರ ಕಪ್ಪು ಪದರಗಲ್ಲು, ಎಣ್ಣೆ ಹಚ್ಚಿ ಬಾಚಿದ ಹಾಗೆ. ಹತ್ತಲಾಗದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದೇ ಸರಿ. ಆದರೆ ನಾವು ಬೂಟು ಕಟ್ಟಿಕೊಂಡು ಬಂದವರು. ಅವತ್ತು ಇಡೀ ದಿನ ಆಕಾಶ ತೊಳೆದಿಟ್ಟ ಹಾಗಿತ್ತು, ಗೋಪುರಗಳು ದೂರದಿಂದ ಹಲ್ಲು ಕಿಸಿದ ಹಾಗೆ ಕಾಣುತ್ತಿದ್ದವು, ನಾವು ವ್ಯಾನಿನಲ್ಲಿ ಕುಳಿತಿದ್ದೆವು.

ಸಂಜೆ ಊರಿಗೆ ಬಂದವರೇ ಬಸ್ ನಿಲ್ದಾಣಕ್ಕೆ ಹೋಗಿ ಮಾರನೇ ದಿನದ ಮೊದಲ ಬಸ್ಸಿಗೆ ಟಿಕೆಟ್ ತೆಗೆದುಕೊಂಡೆವು. ಪಾರ್ಕಿನ ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆಯಬೇಕು, ನಮ್ಮದು ಮೂರು ದಿನದವರೆಗೆ ನಡೆಯುವಂಥದ್ದಾದ್ದರಿಂದ ಮತ್ತೆ ಕೊಡಬೇಕಾಗಲಿಲ್ಲ. ಎರಡು ಗಂಟೆ ಬಸ್ಸು, ಲಗುನಾ ಅಮಾರ್ಗದಲ್ಲಿ ಇಳಿದು ಇನ್ನೊಂದು ಪುಟ್ಟ ಬಸ್ಸು, ಆಮೇಲೆ ನಡಿಗೆ. ಮತ್ತೆ 20 ಕಿಲೋಮೀಟರ್, ಮತ್ತೆ ಎಂಟು ಗಂಟೆಯ ಮೇಲೆ. ಮಧ್ಯೆ ಗಾಳಿ ಕಣಿವೆ ಅಂತ ಒಂದು ಅಂಚಿನ ದಾರಿ ಇದೆ. ಅಲ್ಲಿ ನಮ್ಮವರ ಟೋಪಿ ಹೋಯಿತು, ಕೆಳಗಿನ ಹೊಳೆಯವರೆಗೂ ಅದು ಹಾರುವುದನ್ನು ನೋಡಿ ಇಬ್ಬರೂ ನಕ್ಕೆವು. ಪಾರ್ಕಿನಲ್ಲಿ ಎಲ್ಲೂ ಬೆಂಕಿ ಹಚ್ಚುವ ಹಾಗಿಲ್ಲ. 2011ರ ಕೊನೆಗೆ ಹೊತ್ತಿದ ಬೆಂಕಿಗೆ 17,000 ಹೆಕ್ಟೇರಿನಷ್ಟು ಸುಟ್ಟಿತ್ತು. ಪಾರ್ಕಿನ ಕೆಲವು ಕಡೆ ಬೆಳ್ಳಗೆ ನಿಂತ ಸತ್ತ ಮರಗಳನ್ನು ಈಗಲೂ ನೋಡಬಹುದು.

ಕೊನೆಯ ಬಂಡೆಗಳ ರಾಶಿ ಹತ್ತಿ ಮೇಲೆ ಹೋದಾಗ ಮೂರು ಗೋಪುರಗಳಲ್ಲಿ ಎರಡು ಮಾತ್ರ ಇದ್ದವು. ಮೂರನೆಯದು ಮೋಡದಲ್ಲಿ. ಮುಕ್ಕಾಲು ಗಂಟೆ ಕಾದೆವು, ಬಸ್ಸಿನ ಸಮಯ ನೋಡಿ ಇಳಿದೆವು. ಹಿಂದಿನ ದಿನವೇ ಹತ್ತಿದ್ದರೆ ಮೂರೂ ಸಿಗುತ್ತಿದ್ದವು ಅನ್ನುವುದು ನನ್ನ ವಾದ. ಎರಡು ಸಾಕು ಅನ್ನುವುದು ನಮ್ಮವರದ್ದು.

ಮತ್ತೆ ಹೋಗುವುದಾದರೆ ಈ ಏಜೆಂಟರ ಸಹವಾಸ ಬೇಡವೇ ಬೇಡ. ಊರಿಂದ ಊರಿಗೆ ಬಸ್ಸು ಸುಲಭವಾಗಿ ಸಿಗುತ್ತದೆ, ರೂಮು ನೀವೇ ನೋಡಿಕೊಳ್ಳಬಹುದು, ಚಾರಣಕ್ಕೆ ಯಾರೂ ಬೇಕಿಲ್ಲ. ಮುಂಚೆಯೇ ಕಾಯ್ದಿರಿಸಬೇಕಾದ್ದು ಹಿಮನದಿಯ ನಡಿಗೆ. ಪೈನೆಯಲ್ಲಿ ರಾತ್ರಿ ಉಳಿದು W ಅಕ್ಷರದ ಆಕಾರದಲ್ಲಿ ಸಾಗುವ ನಾಲ್ಕೈದು ದಿನದ ಡಬ್ಲ್ಯೂ ಚಾರಣ ಮಾಡುವವರಾದರೆ ಅಲ್ಲಿನ ಟೆಂಟು, ರೆಫ್ಯೂಜಿಯೊ ಅನ್ನುವ ಚಾರಣಿಗರ ತಂಗುಮನೆ ಕೂಡ, ತಿಂಗಳುಗಳ ಮುಂಚೆ. ಚಾಲ್ತೆನ್‌ಗೆ ನಾಲ್ಕಲ್ಲ, ಆರು ರಾತ್ರಿ ಇಡಿ. ಕಲಫಾತೆಗೆ ಎರಡು ಸಾಕು, ಅದರಲ್ಲಿ ಒಂದು ಇಡೀ ದಿನ ಆ ಕಟ್ಟೆಹಾದಿಗೆ.

ಏಜೆನ್ಸಿಗೆ ಎರಡು ಮೇಲ್ ಬರೆದೆ: ಬಿಗ್ ಐಸ್ ಮತ್ತು ಮಿನಿಟ್ರೆಕ್ಕಿಂಗ್‌ನ ಬೆಲೆ ವ್ಯತ್ಯಾಸ ಒಂದು, ವ್ಯಾನ್ ಟೂರಿನ ಸುಳ್ಳು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಇಲ್ಲ. ಎರಡನೆಯದಕ್ಕೆ "ಹವಾಮಾನದ ಕಾರಣ ಕಾರ್ಯಕ್ರಮ ಬದಲಾಗಬಹುದು" ಅಂತ ಬಂತು. ಆ ದಿನದ ನೀಲಿ ಆಕಾಶದ ಹನ್ನೆರಡು ಫೋಟೋ ಕಳಿಸಿದೆ. ಆಮೇಲೆ ಒಂದು ಕೂಪನ್ ಕಳಿಸಿದರು. ಮುಂದಿನ ಪ್ರವಾಸಕ್ಕೆ ರಿಯಾಯಿತಿ, ಒಂದು ವರ್ಷದೊಳಗೆ ಬಳಸಬೇಕು, ಬಿಗ್ ಐಸ್ ಟೂರಿಗೆ ಮಾತ್ರ. ಯಾರಿಗಾದರೂ ಕೊಟ್ಟುಬಿಡೋಣ ಅಂದರೆ ಅದರ ಮೇಲೆ ನಮ್ಮವರ ಹೆಸರು ಹಾಕಿದ್ದಾರೆ. ಮುಂದಿನ ತಿಂಗಳು ಅವರಿಗೆ 54.